ಕುಡಿತ ಬಿಟ್ಟವನನ್ನು ಅಳಲು ಬಿಡಿ

ಕುಡಿತ ಬಿಟ್ಟು ಮನೆಗೆ ಬಂದವನನ್ನು ಎಲ್ಲರೂ ಕೇಳುವುದು ಒಂದೇ ಮಾತು: "ಮತ್ತೆ ಮುಟ್ಟಿಲ್ಲ ತಾನೆ?" ನಿದ್ದೆ ಬರುತ್ತಿದೆಯೇ, ಮನಸ್ಸಿನಲ್ಲಿ ಏನು ಕೊರೆಯುತ್ತಿದೆ ಎಂದು ಕೇಳುವವರಿಲ್ಲ. ನನ್ನ ಸಿಟ್ಟು ಇದರ ಮೇಲೆ.

ದೇಹದಿಂದ ಮದ್ಯ ಬಿಡಿಸುವುದು ವೈದ್ಯರಿಗೆ ಗೊತ್ತಿರುವ ಕೆಲಸ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು ಶುರುವಾಗುತ್ತದೆ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ, ಆಮೇಲೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಪ್ರಾಣವೇ ಹೋಗಬಹುದು. ದಯವಿಟ್ಟು ಯಾರನ್ನೂ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆ, ವಿಟಮಿನ್ ಬಿ1 ಚುಚ್ಚುಮದ್ದು ಕೊಟ್ಟು ನೋಡಿಕೊಂಡರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಆ ಘಟ್ಟ ದಾಟುತ್ತದೆ. ಅಷ್ಟು ವರ್ಷ ಮುಚ್ಚಿಟ್ಟದ್ದು ಮೇಲೇಳುವುದು ಅದಾದ ಮೇಲೆ.

ನನ್ನ ತಮ್ಮನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅಪ್ಪ ತೀರಿಕೊಂಡಾಗ ಅವನು ಅಳಲಿಲ್ಲ. ಚಿತೆಗೆ ಬೆಂಕಿ ಇಟ್ಟು ಬಂದವನನ್ನು ಸಂಜೆ ಹಿರಿಯರೇ ಪಕ್ಕಕ್ಕೆ ಕರೆದು, "ಒಂದಿಷ್ಟು ತೆಗೆದುಕೋ, ಮನಸ್ಸು ಹಗುರವಾಗುತ್ತದೆ" ಎಂದು ಲೋಟ ಕೊಟ್ಟರು. ಗಂಡುಮಕ್ಕಳಿಗೆ ಸಾವಿನ ಮನೆಯಲ್ಲಿ ನಾವು ಕಲಿಸುವುದು ಇದನ್ನೇ. ಆಮೇಲೆ ಸಾಲಕ್ಕೂ ಅದೇ, ಅವಮಾನಕ್ಕೂ ಅದೇ. ವರ್ಷಗಳ ನಂತರ, ಕುಡಿತ ನಿಲ್ಲಿಸಿದ ಮೇಲೆ ಒಂದು ದಿನ ಊಟದ ನಡುವೆ ಅಪ್ಪನ ಮಾತು ಬಂತು. ಅವನು ಬಿಕ್ಕಿ ಬಿಕ್ಕಿ ಅತ್ತ. ಅಮ್ಮ ಗಾಬರಿಯಿಂದ ಕೇಳಿದ್ದು: "ಮತ್ತೆ ಕುಡಿದು ಬಂದೆಯೇನೋ?"

ಅಮ್ಮನ ತಪ್ಪಲ್ಲ. ಕುಡಿಯದೆ ಅಳುವ ಮಗನನ್ನು ಅವರು ನೋಡಿಯೇ ಇರಲಿಲ್ಲ. ಆದರೆ ಅಂಥ ಹೊತ್ತಿನಲ್ಲಿ ಎಷ್ಟೋ ಜನ ಎದ್ದು ನೇರ ಬಾರಿಗೆ ಹೋಗುತ್ತಾರೆ. ದುಃಖ ಬಂದರೂ ಅನುಮಾನ ಪಡುವ ಮನೆಯಲ್ಲಿ ಅವರು ಇನ್ನೇನು ಮಾಡಬೇಕು?

1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತನಾಡುವುದರಿಂದ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಕುಡಿತದಿಂದ ಹೊರಬರಲು ಅದು ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ಮೊದಲನೆಯದರಲ್ಲಿ ಮಾತ್ರ ಮದ್ಯದ ಹೆಸರಿದೆ, ಹನ್ನೆರಡನೆಯದರಲ್ಲಿ ಕುಡಿತದಿಂದ ನರಳುವವರ ಮಾತಿದೆ. ನಡುವಿನದರಲ್ಲಿ ಹೆಚ್ಚಿನದು ಒಳಗಿನ ಭಯ, ಹಳೆಯ ಸಿಟ್ಟು, ಮಾಡಿದ ತಪ್ಪುಗಳನ್ನು ಎದುರಿಸುವ ಕೆಲಸ. ಐದನೆಯ ಹೆಜ್ಜೆಯಲ್ಲಿ ಆ ತಪ್ಪುಗಳನ್ನು ಇನ್ನೊಬ್ಬ ಮನುಷ್ಯನ ಮುಂದೆ ಬಾಯಿಬಿಟ್ಟು ಹೇಳಬೇಕು. ನನ್ನ ತಮ್ಮನಿಗೆ ಅದು ನಡುಕದ ರಾತ್ರಿಗಳಿಗಿಂತ ಕಷ್ಟವಾಯಿತು. ಹೇಳಿ ಬಂದ ದಿನ ಅವನು ಮಧ್ಯಾಹ್ನವೆಲ್ಲ ನಿದ್ದೆ ಮಾಡಿದ.

ಅಮ್ಮ ಈಗ ಮನೆಯವರಿಗಾಗಿಯೇ ಇರುವ ಅಲ್-ಅನಾನ್ ಸಭೆಗೆ ಹೋಗುತ್ತಾರೆ. ಹತ್ತಿರದಲ್ಲಿ ಸಭೆ ಇಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ; ತಾಯಿ, ಹೆಂಡತಿ, ಅಕ್ಕ ಯಾರಾದರೂ ಮಾಡಬಹುದು.