ಒಂದೇ ಚಕ್ರ ಕಾದರೆ ಗಾಳಿ ಇಳಿಸಬೇಕೇ? ಸತ್ಯಾಂಶ ಇಲ್ಲಿದೆ

ನಂದಿ ಬೆಟ್ಟ ಇಳಿದ ಮೇಲೆ ಕಾರಿನ ಒಂದೇ ಚಕ್ರ ಕಾದು ಬಿಸಿಯಾಗಿದ್ದರೆ ಟೈರಿನ ಗಾಳಿ ಇಳಿಸಿ, ನೀರು ಸುರಿಯಿರಿ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಎರಡೂ ತಪ್ಪು. ಗಾಳಿ ಕಡಿಮೆಯಾದಷ್ಟೂ ಟೈರು ಜಾಸ್ತಿ ಬಿಸಿಯಾಗುತ್ತದೆ. ಕಾದ ಬ್ರೇಕ್ ಡಿಸ್ಕಿಗೆ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಗೆ) ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.

ಇಳಿಜಾರಿನಲ್ಲಿ ಮುಂದಿನ ಬ್ರೇಕುಗಳೇ ಹೆಚ್ಚು ದುಡಿಯುತ್ತವೆ, ಅಲ್ವಾ? ಅದಕ್ಕೇ ಮುಂದಿನದನ್ನು ಹಿಂದಿನದಕ್ಕೆ ಹೋಲಿಸಬೇಡಿ, ಎಡ-ಬಲ ಹೋಲಿಸಿ. ಒಂದೇ ಕಡೆ ಕಾದಿದ್ದರೆ ಆ ಬ್ರೇಕ್ ಪೂರ್ತಿ ಬಿಡುತ್ತಿಲ್ಲ ಎಂಬುದೇ ಮೊದಲ ಅನುಮಾನ. ಮೆಕ್ಯಾನಿಕ್ ಜ್ಯಾಕ್ ಹಾಕಿ ಚಕ್ರ ತಿರುಗಿಸಿ ನೋಡುತ್ತಾರೆ. ಬಿಗಿಯಿದ್ದರೆ ಕ್ಯಾಲಿಪರಿನ (ಡಿಸ್ಕನ್ನು ಅಮುಕಿ ಹಿಡಿಯುವ ಭಾಗದ) ಬ್ಲೀಡರ್ ಸ್ಕ್ರೂ, ಅಂದರೆ ಬ್ರೇಕ್ ಆಯಿಲ್ ಹೊರಬಿಡುವ ಸ್ಕ್ರೂ ಸಡಿಲಿಸುತ್ತಾರೆ. ಆಗ ಚಕ್ರ ಸಲೀಸಾದರೆ ಬ್ರೇಕ್ ಆಯಿಲ್ ವಾಪಸ್ ಹೋಗುತ್ತಿರಲಿಲ್ಲ ಎಂದರ್ಥ; ಹೆಚ್ಚಾಗಿ ಒಳಗೆ ಊದಿಕೊಂಡ ಹೋಸ್ ಪೈಪಿನ ಕೆಲಸ. ಆಗಲೂ ಬಿಗಿಯೇ ಇದ್ದರೆ ಕ್ಯಾಲಿಪರಿನಲ್ಲಿ ಬ್ರೇಕ್ ಪ್ಯಾಡ್ ಒತ್ತುವ ಪಿಸ್ಟನ್ನೋ, ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಸ್ಲೈಡ್ ಪಿನ್ನೋ ಹಿಡಿದುಕೊಂಡಿರುತ್ತದೆ. ಓಡುವಾಗ ಗುಂಯ್ ಸದ್ದಿದ್ದರೆ ಚಕ್ರದ ಬೇರಿಂಗ್ ನೋಡಿಸಿ. ಡಿಸ್ಕನ್ನು ಮಾತ್ರ ಮುಟ್ಟಬೇಡಿ, ಸುಮ್ನೆ ಬೊಬ್ಬೆ ಬರುತ್ತದೆ.