ರಿಷಬ್‌ಗೆ ಬಂದದ್ದು ನಟನೆಯ ಪ್ರಶಸ್ತಿ

'ಕಾಂತಾರ'ದ ನಿರ್ದೇಶನಕ್ಕೆ ರಿಷಬ್ ಶೆಟ್ಟಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದೆ, ಹಾಗಾಗಿ ಅವರು ಗಿರೀಶ್ ಕಾಸರವಳ್ಳಿ ಅವರನ್ನೂ ಮೀರಿಸಿದರು ಎಂಬ ವಾಟ್ಸಾಪ್ ಸಂದೇಶ ಮಡಿಕೇರಿ ಕಡೆ ಓಡಾಡುತ್ತಿದೆ. ಅದು ತಪ್ಪು. 2024ರಲ್ಲಿ ಘೋಷಣೆಯಾದ ಆ ಪ್ರಶಸ್ತಿ ನಟನೆಗೆ. ನಿರ್ದೇಶನದ್ದು ಹಿಂದಿಯ ಸೂರಜ್ ಬರ್ಜಾತ್ಯಾ ಅವರ ಪಾಲಾಯಿತು. ರಿಷಬ್ ನಿರ್ದೇಶಿಸಿದ ಕಾಸರಗೋಡಿನ ಶಾಲೆಯ ಕಥೆ 2018ರ ಅತ್ಯುತ್ತಮ ಮಕ್ಕಳ ಚಿತ್ರವಾಗಿತ್ತು. ಸಂದೇಶ ಬರೆದವರು ಅದನ್ನೇ ಮರೆತಿದ್ದಾರೆ!

ಕಾಸರವಳ್ಳಿಯವರ ನಾಲ್ಕು ಚಿತ್ರಗಳಿಗೆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಬಂದಿದೆ: 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ'. ಪಿಂಚಣಿಗಾಗಿ ಕಚೇರಿ ಅಲೆಯುವ ತಬರನ ಮುಖವನ್ನು ಅವರು ಸದ್ದಿಲ್ಲದೆ ತೋರಿಸುತ್ತಾರೆ. ರಿಷಬ್ ಚೆಂಡೆ, ಬೆಂಕಿ, ದೈವದ ಕೂಗಿನಿಂದ ಥಿಯೇಟರ್ ನಡುಗಿಸುತ್ತಾರೆ. ಇಬ್ಬರನ್ನೂ ಸುಮ್ನೆ ಒಂದೇ ತಕ್ಕಡಿಗೆ ಹಾಕೋದು ಕಾಫಿಯನ್ನೂ ಕರಿಮೆಣಸನ್ನೂ ಒಂದೇ ದರಕ್ಕೆ ಮಾರಿದ ಹಾಗೆ, ಅಲ್ವಾ?