ಆಯ್ಕೆ ನಿಮ್ಮದು, ಕೇಬಲ್ ನಮ್ಮದು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕದ ಫಲಕದಲ್ಲಿ ಹೋದ ವಾರ ಒಂದು ಸೂಚನೆ ಕಾಣಿಸಿಕೊಂಡಿತು. ನಿವಾಸಿಗಳು ತಮಗೆ ಬೇಕಾದ ಬ್ರಾಡ್‌ಬ್ಯಾಂಡ್ ಆರಿಸಿಕೊಳ್ಳಲು ಸ್ವತಂತ್ರರು, ಕಟ್ಟಡದೊಳಗೆ ಕೇಬಲ್ ಎಳೆಯುವ ಅನುಮತಿ ಮಾತ್ರ ಒಂದೇ ಕಂಪನಿಗೆ. ಎರಡೂ ಮಾತು ಒಂದೇ ವಾಕ್ಯದಲ್ಲಿದ್ದವು. ಇಷ್ಟು ದೊಡ್ಡ ಹೊಣೆ ಹೊತ್ತ ಅಲ್ಪವಿರಾಮವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಆ ಕಂಪನಿ ಆಯ್ಕೆಯಾದದ್ದು ಹೇಗೆ ಎಂದು ವಿಚಾರಿಸಿದಾಗ, ಕ್ಲಬ್‌ಹೌಸಿಗೆ ಉಚಿತ ವೈಫೈ ಸಿಕ್ಕಿದೆ ಎಂದು ಕಾರ್ಯದರ್ಶಿಗಳು ಸಂತೋಷದಿಂದ ತಿಳಿಸಿದರು.

ಗೇಟಿನ ಹೊರಗಿನ ಹೊಂಗೆ ಮರಕ್ಕೆ ಇಂಥ ಕಟ್ಟುಪಾಡು ಇಲ್ಲ. ಅದರ ಕೊಂಬೆಗಳಲ್ಲಿ ಐದು ಕಂಪನಿಗಳ ಕಪ್ಪು ಸುರುಳಿಗಳು ಜೋತಾಡುತ್ತಿವೆ. ಮುಚ್ಚಳ ಕಿತ್ತುಹೋದ ಜಾಯಿಂಟ್ ಬಾಕ್ಸೊಂದಕ್ಕೆ ಯಾರೋ ಪುಣ್ಯಾತ್ಮರು ಹಾಲಿನ ಪ್ಯಾಕೆಟ್ಟು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಇಲ್ಲಿ ಪಾಸ್‌ವರ್ಡ್ ಬೇಡ, ಅಸೋಸಿಯೇಷನ್ನಿನ ಸಹಿ ಬೇಡ, ಒಬ್ಬರ ಸಾಮಾನು ಇನ್ನೊಬ್ಬರದಕ್ಕೆ ಹೊಂದುವುದಿಲ್ಲವೆಂಬ ತಕರಾರೂ ಇಲ್ಲ. ಆಗಾಗ ಪಾಲಿಕೆಯವರು ಕತ್ತರಿ ಹಿಡಿದು ಬಂದು, ಯಾವುದು ಅಧಿಕೃತ ಯಾವುದು ಅನಧಿಕೃತ ಎಂಬ ಭೇದವೆಣಿಸದೆ ಎಲ್ಲವನ್ನೂ ಕತ್ತರಿಸಿ ಹೋಗುತ್ತಾರೆ. ಆಗ ಇಡೀ ಬೀದಿಯ ಐಟಿ ಉದ್ಯೋಗಿಗಳು ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಕಾಫಿ ಅಂಗಡಿ ಹುಡುಕುತ್ತಾರೆ. ಬೆಂಗಳೂರಿನಲ್ಲಿ ಓಪನ್ ಸ್ಟ್ಯಾಂಡರ್ಡ್, ಅಂದರೆ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಮಾನಕ, ಎಂಬುದನ್ನು ಅಕ್ಷರಶಃ ಪಾಲಿಸುತ್ತಿರುವುದು ಈ ಮರವೊಂದೇ.

ಮೂರನೇ ಮಹಡಿಯ ನೆರೆಯವರು ಉದ್ಯಮದ ಸಭೆಗಳಲ್ಲಿ ಮುಕ್ತ ಮಾನಕಗಳ ಪರವಾಗಿ ವಾದಿಸುವವರು. ಒಂದೇ ಫೈಬರ್ ಎಳೆಯನ್ನು ಹಲವು ಮನೆಗಳಿಗೆ ಕವಲೊಡೆಸುವ ಜಿಪಾನ್ ವ್ಯವಸ್ಥೆ ಯಾವ ಕಂಪನಿಯ ಸ್ವಂತ ಆಸ್ತಿಯೂ ಅಲ್ಲವೆಂದೂ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2003ರಲ್ಲಿಯೇ ಅದರ ಮಾನಕವನ್ನು ಪ್ರಕಟಿಸಲು ಆರಂಭಿಸಿತೆಂದೂ, ಒಂದು ಎಳೆಯ ಸುಮಾರು 2.5 ಗಿಗಾಬಿಟ್ ವೇಗವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳಬಹುದೆಂದೂ ಅವರು ಮೆಟ್ಟಿಲ ಮೇಲೆ ನಿಂತೇ ವಿವರಿಸಿದರು. ಒಬ್ಬರು ತಯಾರಿಸಿದ ಮೋಡೆಮ್ ಪೆಟ್ಟಿಗೆ ಇನ್ನೊಬ್ಬರ ಜಾಲದೊಡನೆ ಮಾತನಾಡಲೆಂದೇ ಇಷ್ಟೆಲ್ಲ ಬರೆದಿಟ್ಟಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ: ನಮ್ಮ ಕಂಪನಿ ತನ್ನ ಪಟ್ಟಿಯಲ್ಲಿ ಕ್ರಮಸಂಖ್ಯೆ ಇರುವ ಪೆಟ್ಟಿಗೆಯನ್ನಷ್ಟೇ ಗುರುತಿಸುತ್ತದೆ. ಆ ಪೆಟ್ಟಿಗೆಯ ಸೆಟ್ಟಿಂಗ್ ಬದಲಿಸಲು ಬೇಕಾದ ಅಡ್ಮಿನ್ ಪಾಸ್‌ವರ್ಡ್ ಕೇಳಿ ನಾನು ಕರೆ ಮಾಡಿದೆ.

“ಸೆಕ್ಯುರಿಟಿ ಕಾರಣಕ್ಕೆ ಕೊಡಕ್ಕಾಗಲ್ಲ ಸಾರ್.”

“ಯಾರ ಸೆಕ್ಯುರಿಟಿ?”

“ನಿಮ್ದೇ ಸಾರ್.”

ನೆರೆಯವರ ಬಳಿಯೂ ಆ ಪಾಸ್‌ವರ್ಡ್ ಇಲ್ಲವಂತೆ. ಅವರ ಮನೆಯಲ್ಲಿ ಪೆಟ್ಟಿಗೆಯ ಮೇಲೆ ಕ್ರೋಷಾ ಹೊದಿಕೆ ಹಾಸಿದ್ದಾರೆ.

ವೇಗದ ವಿಷಯದಲ್ಲಿ ಕಂಪನಿಯನ್ನು ದೂರುವಂತೆಯೇ ಇಲ್ಲ. 2004ರಲ್ಲಿ 256 ಕೆಬಿಪಿಎಸ್ ಬಂದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದಾಗಿತ್ತು; 2023ರಲ್ಲಿ ಸರ್ಕಾರ ಆ ಕನಿಷ್ಠ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಿತು. ನನ್ನ ‘ಅನಿಯಮಿತ’ ಯೋಜನೆಯಲ್ಲಿ 3,300 ಜಿಬಿ ಎಂಬ ನಿಯಮವಿದ್ದು, ಅದು ಮುಗಿದ ಮೇಲೆ ವೇಗ ಕರಾರುವಾಕ್ಕಾಗಿ 2 ಎಂಬಿಪಿಎಸ್‌ಗೆ ಇಳಿಯುತ್ತದೆ. ಇಂಥ ಕಾನೂನುಪಾಲನೆಗೆ ಸನ್ಮಾನವೇ ಆಗಬೇಕು.

ಆದರೆ ನಗುವುದಕ್ಕೂ ಒಂದು ಮಿತಿ ಇದೆ. ಮೊಬೈಲ್ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು 2011ರ ಜನವರಿಯಲ್ಲಿ ಇಡೀ ದೇಶಕ್ಕೆ ಸಿಕ್ಕಿತು. ಗೋಡೆಯೊಳಗಿನ ತಂತಿಯ ಮಟ್ಟಿಗೆ ನಾನಿನ್ನೂ ಬಿಲ್ಡರ್, ಅಸೋಸಿಯೇಷನ್ ಮತ್ತು ಕಂಪನಿ ಸೇರಿ ಬರೆದುಕೊಂಡ ಕರಾರಿನ ಒಂದು ವಸ್ತು. ಈ ತಿಂಗಳು ಮೂರು ದೂರು ಕೊಟ್ಟೆ. ಮೂರನ್ನೂ, ಒಬ್ಬನೂ ಮನೆಗೆ ಬಾರದೆ, ‘ಪರಿಹರಿಸಲಾಗಿದೆ’ ಎಂದು ಮುಚ್ಚಿದರು. ಹಣ ಕೊಟ್ಟು ಅಂಗಲಾಚುವುದು ನನಗೆ ಸಾಕಾಗಿದೆ.

ನಮ್ಮ ಬಾಲ್ಕನಿಯಿಂದ ಹೊಂಗೆಯ ಕೊಂಬೆಗೆ ನಾಲ್ಕೇ ಅಡಿ. ಅಲ್ಲಿಂದ ಇನ್ನೊಂದು ಕಂಪನಿಯ ಕೇಬಲ್ ಎಳೆಸಿಕೊಳ್ಳಬಹುದೇ ಎಂದು ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೇಳಿದ್ದೆ. ಕೊಂಬೆ ಕತ್ತರಿಸುವಂತೆ ಅವರು ಪಾಲಿಕೆಗೆ ಅರ್ಜಿ ಹಾಕಿದ್ದಾರೆ.